ಸೋತವನ ಪಕ್ಕದಲ್ಲಿ ಯಾರು ಕೂತಿದ್ದಾರೆ?

ಪ್ರಶ್ನೆ: ನನಗೆ 43 ವರ್ಷ. ಒಂಬತ್ತು ವರ್ಷ ನಡೆಸಿದ ಅಂಗಡಿಯನ್ನು ಹೋದ ವರ್ಷ ಮುಚ್ಚಿದೆ. ಸಾಲ ಇನ್ನೂ ಇದೆ. ಈಗ ಬೇರೆಯವರ ಗೋಡೌನಿನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಿನಿಮಾ ನೋಡುತ್ತೇನೆ. ನೋಡುವುದೆಲ್ಲ ಒಂದೇ ಥರದ್ದು. ಕೆಲಸ ಹೋದವನ ಕಥೆ, ಮನೆ ಮುರಿದವನ ಕಥೆ, ಕುಡಿತಕ್ಕೆ ಬಿದ್ದವನ ಕಥೆ. "ಇರೋ ಗೋಳು ಸಾಲ್ದು ಅಂತ ಇದೊಂದು" ಅಂತಾಳೆ ಹೆಂಡತಿ. ಏಳನೇ ಕ್ಲಾಸಿನ ಮಗ ಎದ್ದು ಬಂದು ಪಕ್ಕ ಕೂತರೆ ತಕ್ಷಣ ಆಫ್ ಮಾಡುತ್ತೇನೆ. ಇಂಥ ಚಿತ್ರಗಳಿಂದ ಮನಸ್ಸು ಇನ್ನೂ ಕುಗ್ಗುತ್ತದೆಯೇ? ಒಳ್ಳೆಯ ಚಿತ್ರ ಯಾವುದು, ಬರೀ ಗೋಳು ಯಾವುದು ಎಂದು ಗುರುತಿಸುವುದು ಹೇಗೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಗನ ವಿಷಯ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಕುಗ್ಗುವ ಮಾತು.

ಹೌದು, ಕೆಲವು ಚಿತ್ರಗಳು ಕುಗ್ಗಿಸುತ್ತವೆ. ನೋಡುವವರನ್ನು ಬಿಡಿ, ನಟಿಸಿದವರನ್ನೇ ಕುಗ್ಗಿಸಿದ ಉದಾಹರಣೆ ಇದೆ. ದಿಲೀಪ್ ಕುಮಾರ್ ಅವರು ಒಂದರ ಹಿಂದೆ ಒಂದು ದುರಂತ ಪಾತ್ರ ಮಾಡುತ್ತಾ ಹೋದರು. ಆ ಪಾತ್ರಗಳ ಭಾರ ಮನೆಗೂ ಬರತೊಡಗಿತು. ಕೊನೆಗೆ ಲಂಡನ್ನಿನಲ್ಲಿ ಮನೋವೈದ್ಯರನ್ನು ಕಂಡರು. ಸ್ವಲ್ಪ ಹಗುರವಾದ ಪಾತ್ರಗಳನ್ನೂ ಮಾಡಿ ಎಂಬ ಸಲಹೆ ಸಿಕ್ಕಿತು. ಇದನ್ನು ಅವರೇ ಹೇಳಿಕೊಂಡಿದ್ದಾರೆ. 1955ರ 'ಆಜಾದ್', 1960ರ 'ಕೋಹಿನೂರ್' ಥರದ ಚಿತ್ರಗಳು ಆ ತಿರುವಿನವು. ಅದೇ 1955ರಲ್ಲೇ ಅವರು ದೇವದಾಸನಾಗಿ ನಟಿಸಿದ, ಬಿಮಲ್ ರಾಯ್ ನಿರ್ದೇಶನದ 'ದೇವದಾಸ್' ಕೂಡ ಬಂತು.

ದೇವದಾಸನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲಿ ಸೋತ ಗಂಡಸು ಎಂದ ಕೂಡಲೇ ಕಣ್ಮುಂದೆ ಬರುವವನು ಅವನೇ. ಶರತ್ ಚಂದ್ರರ ಕಾದಂಬರಿ ಬಂದದ್ದು 1917ರಲ್ಲಿ. ಇವತ್ತಿಗೂ ಹುಡುಗನೊಬ್ಬ ಮಂಕಾಗಿ ಕೂತರೆ "ಯಾಕೋ ದೇವದಾಸ್ ಥರ ಗಡ್ಡ ಬಿಟ್ಕೊಂಡಿದೀಯ" ಅಂತೀವಿ. ಕಥೆ ಓದದವರೂ ಅನ್ನುತ್ತಾರೆ. ಬಿಮಲ್ ರಾಯ್ ಮಾಡಿದ್ದು ಸುಂದರವಾದ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಥೆಯ ಒಳಗೆ ಒಂದು ತೊಂದರೆ ಇದೆ. ದೇವದಾಸನ ಸುತ್ತ ಇರುವವರಿಗೆಲ್ಲ ಅವನ ದುಃಖವೇ ಕೆಲಸ. ಪಾರ್ವತಿ ಅವನಿಗಾಗಿ ಅಳುತ್ತಾಳೆ. ಚಂದ್ರಮುಖಿ ಅವನಿಗಾಗಿ ತನ್ನ ಬದುಕನ್ನೇ ಬದಲಿಸುತ್ತಾಳೆ. ಹಳೆಯ ಸೇವಕ ಹಿಂದೆ ಹಿಂದೆ ಓಡುತ್ತಾನೆ. ಅವರಿಗೆ ಹಸಿವಾಯಿತೇ, ನಿದ್ದೆ ಬಂತೇ, ಅವರ ಆಸೆ ಏನು ಎಂದು ಅವನು ಕೇಳುವುದೇ ಇಲ್ಲ. ಚಿತ್ರವೂ ಹೆಚ್ಚು ಕೇಳುವುದಿಲ್ಲ. ದುಃಖಿಯಾದವನು ನಡುವೆ, ಉಳಿದವರೆಲ್ಲ ಅವನ ಸುತ್ತ ಹಚ್ಚಿಟ್ಟ ದೀಪಗಳು.

ಇಂಥದ್ದನ್ನು ದಿನಾ ರಾತ್ರಿ ನೋಡಿದರೆ ಆ ನಡುವಿನ ಜಾಗದಲ್ಲಿ ನಾವೇ ಹೋಗಿ ಕೂರುತ್ತೇವೆ. ಅಲ್ಲಿ ಕೂರಲು ಹಿತವಾಗಿರುತ್ತದೆ. ಎದ್ದು ಬರುವುದೇ ಕಷ್ಟ.

ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಎಷ್ಟೋ ವರ್ಷಗಳಿಂದ ಊರೂರಿನಲ್ಲಿ ಚಿತ್ರ ತೋರಿಸಿ ಜನರ ಜೊತೆ ಮಾತಾಡಿದ ಮೇಲೆ ನಾನು ಒಂದೇ ಒಂದು ಕಡೆ ನೋಡುತ್ತೇನೆ. ಅವನು ಗೆದ್ದನೋ ಸೋತನೋ ಎಂದು ನೋಡುವುದಿಲ್ಲ. ಸೋತವನ ಪಕ್ಕದಲ್ಲಿ ಯಾರಿದ್ದಾರೆ, ಅವರಿಗೂ ಸ್ವಂತ ಬದುಕೊಂದು ಇದೆಯೇ ಎಂದು ನೋಡುತ್ತೇನೆ. ಇದ್ದರೆ ಚಿತ್ರ ಎಷ್ಟೇ ಕಷ್ಟದ್ದಾದರೂ ಅದರಲ್ಲಿ ಗಾಳಿ ಆಡುತ್ತದೆ.

ಅಕಿರ ಕುರೊಸಾವ ಅವರ 'ಇಕಿರು' ನೋಡಿದ್ದೀರಾ? 1952ರ ಜಪಾನಿ ಚಿತ್ರ. ಇಕಿರು ಎಂದರೆ ಬದುಕುವುದು. ವತನಾಬೆ ಎಂಬ ಸರ್ಕಾರಿ ಅಧಿಕಾರಿ. ಸುಮಾರು ಮೂವತ್ತು ವರ್ಷ ರಜೆ ಹಾಕದೆ ಕಾಗದಗಳ ಮೇಲೆ ಮುದ್ರೆ ಒತ್ತಿದ್ದಾನೆ. ಆರಂಭದಲ್ಲೇ ಒಂದು ಸಣ್ಣ ಕೆಲಸ ಮಾಡುತ್ತಾನೆ. ಮೇಜಿನ ಡ್ರಾ ಎಳೆದು, ಹಳೆಯ ಕಾಗದದ ಕಟ್ಟಿನಿಂದ ಒಂದು ಹಾಳೆ ಹರಿದು, ಮುದ್ರೆಯ ಮಸಿ ಒರೆಸುತ್ತಾನೆ. ಆ ಕಾಗದ ಏನು ಗೊತ್ತೇ? ಕಚೇರಿಯ ಕೆಲಸ ಸುಧಾರಿಸುವುದು ಹೇಗೆಂದು ಅವನೇ ಪ್ರಾಯದಲ್ಲಿ ಬರೆದಿದ್ದ ಯೋಜನೆ. ನಾನು ಈ ದೃಶ್ಯವನ್ನು ಪ್ರತಿ ಸಲ ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡುತ್ತೇನೆ.

ಅವನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯುತ್ತದೆ. ಹೆಂಡತಿ ಎಂದೋ ತೀರಿಕೊಂಡಿದ್ದಾಳೆ. ಮಗನಿಗೆ ಹೇಳಬೇಕು. ಬಾಯಿ ಬರುವುದಿಲ್ಲ. ಮಗ, ಸೊಸೆ ಮಾತಾಡುವುದು ಅಪ್ಪನಿಗೆ ಬರುವ ನಿವೃತ್ತಿ ಹಣದ ಲೆಕ್ಕ. ಹೇಳಬೇಕಾದ್ದು ಒಳಗೇ ಉಳಿಯುತ್ತದೆ. ಅವನು ಕುಡಿದು ನೋಡುತ್ತಾನೆ, ರಾತ್ರಿಯೆಲ್ಲ ಊರು ಸುತ್ತಿ ನೋಡುತ್ತಾನೆ. ಯಾವುದರಲ್ಲೂ ನೆಮ್ಮದಿ ಇಲ್ಲ. ಕೊನೆಗೆ ಕಚೇರಿಯ ಒಬ್ಬ ಹುಡುಗಿಯ ಹಿಂದೆ ಬೀಳುತ್ತಾನೆ. ಪ್ರೀತಿ ಪ್ರೇಮ ಅಲ್ಲ. ಅವಳು ಗಡದ್ದಾಗಿ ಊಟ ಮಾಡುತ್ತಾಳೆ, ಬಾಯಿ ತುಂಬಾ ನಗುತ್ತಾಳೆ. ಅದು ಹೇಗೆ ಸಾಧ್ಯ ಎಂದು ಅವನಿಗೆ ಗೊತ್ತಾಗಬೇಕು, ಅಷ್ಟೇ. ಅವಳಿಗೋ ಈ ಮುದುಕನ ಕಾಟ ಸಾಕಾಗಿದೆ! ಸರ್ಕಾರಿ ಕೆಲಸ ಬಿಟ್ಟು ಆಟಿಕೆ ಮಾಡುವ ಕಾರ್ಖಾನೆ ಸೇರಿದ್ದಾಳೆ. ಕೀ ಕೊಟ್ಟರೆ ಕುಣಿಯುವ ಮೊಲವೊಂದನ್ನು ಮೇಜಿನ ಮೇಲಿಟ್ಟು, ಇದನ್ನು ಮಾಡುವಾಗ ದೇಶದ ಮಕ್ಕಳ ಜೊತೆಗೆಲ್ಲ ಆಡಿದ ಹಾಗಾಗುತ್ತದೆ ಎನ್ನುತ್ತಾಳೆ. ಆಗ ಅವನಿಗೆ ಹೊಳೆಯುತ್ತದೆ. ಮೊಲವನ್ನು ಹಿಡಿದು ಹೋಟೆಲಿನ ಮೆಟ್ಟಿಲು ಇಳಿದು ಓಡುತ್ತಾನೆ. ಮೇಲೆ ಹುಡುಗ ಹುಡುಗಿಯರ ಗುಂಪು ಯಾರದೋ ಹುಟ್ಟುಹಬ್ಬದ ಹಾಡು ಹೇಳುತ್ತಿರುತ್ತದೆ. ಹಾಡು ಅವನಿಗಲ್ಲ. ಆದರೂ ಅವನಿಗೇ ಹಾಡಿದ ಹಾಗೆ ಕೇಳಿಸುತ್ತದೆ.

ಗಮನಿಸಿ, ಆ ಹುಡುಗಿ ಅವನನ್ನು ಸಮಾಧಾನ ಮಾಡಲಿಲ್ಲ. ಅವಳಿಗೆ ಅವಳ ಕೆಲಸ, ಅವಳ ಹಸಿವು. ಅವನನ್ನು ಎಬ್ಬಿಸಿದ್ದು ಅದೇ.

ಆಮೇಲೆ ಕುರೊಸಾವ ಇನ್ನೊಂದು ಕೆಲಸ ಮಾಡುತ್ತಾರೆ. ಚಿತ್ರ ಇನ್ನೂ ಬೇಕಾದಷ್ಟು ಬಾಕಿ ಇರುವಾಗಲೇ ವತನಾಬೆ ಸತ್ತ ಎಂದು ಹೇಳಿಬಿಡುತ್ತಾರೆ. ಉಳಿದದ್ದು ಸಾವಿನ ಮನೆಯಲ್ಲಿ ಸೇರಿದವರ ಮಾತು. ಕೊಳಚೆ ನೀರು ನಿಲ್ಲುತ್ತಿದ್ದ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕ್ ಮಾಡಿಸಲು ಅವನು ಕಚೇರಿ ಕಚೇರಿ ಅಲೆದದ್ದನ್ನು ನಾವು ಬೇರೆಯವರ ಬಾಯಲ್ಲಿ ಕೇಳುತ್ತೇವೆ. ಒಬ್ಬ ಪೊಲೀಸ್ ಪೇದೆ ಬಂದು, ಆ ರಾತ್ರಿ ಹಿಮ ಬೀಳುವಾಗ ಪಾರ್ಕಿನ ಉಯ್ಯಾಲೆ ಮೇಲೆ ಅವರು ಹಾಡುತ್ತಾ ಕೂತಿದ್ದರು, ಕುಡಿದಿದ್ದಾರೆ ಅಂದುಕೊಂಡೆ ಎನ್ನುತ್ತಾನೆ. ಮಗ ಕೇಳಿಸಿಕೊಳ್ಳುತ್ತಾನೆ. ಅಪ್ಪ ತನಗೆ ಯಾಕೆ ಹೇಳಲಿಲ್ಲ ಎಂಬುದು ಅವನನ್ನು ಕೊರೆಯುತ್ತದೆ. ನೀವು ಈ ಚಿತ್ರ ನೋಡುವಾಗ ವತನಾಬೆಯನ್ನಷ್ಟೇ ನೋಡಬೇಡಿ. ಆ ಮಗನ ಮುಖವನ್ನೂ ನೋಡಿ.

ಕಚೇರಿ ಎಂದಾಗ 'ತಬರನ ಕಥೆ' ಬಿಟ್ಟು ಮಾತಾಡಲು ನನ್ನಿಂದ ಆಗದು. ತೇಜಸ್ವಿ ಅವರ ಕತೆ, ಗಿರೀಶ್ ಕಾಸರವಳ್ಳಿ ಅವರ ನಿರ್ದೇಶನ, 1986. ಆ ವರ್ಷದ ರಾಷ್ಟ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಅದೇ, ತಬರನಾಗಿದ್ದ ಚಾರುಹಾಸನ್ ಅವರೇ ಅತ್ಯುತ್ತಮ ನಟ. ತಬರ ಬ್ರಿಟಿಷರ ಕಾಲದಿಂದ ಚಾಕರಿ ಮಾಡಿದ ಬಡ ನೌಕರ. ನಿವೃತ್ತನಾಗಿದ್ದಾನೆ. ಪಿಂಚಣಿ ಬರುತ್ತಿಲ್ಲ. ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಿದೆ. ಚಿಕಿತ್ಸೆಗೆ ದುಡ್ಡು ಬೇಕು, ದುಡ್ಡು ಫೈಲಿನಲ್ಲಿದೆ, ಫೈಲು ಮೇಜಿನಿಂದ ಮೇಜಿಗೆ ಹೋಗುತ್ತಿದೆ.

ತಾಲ್ಲೂಕು ಊರೊಂದರಲ್ಲಿ ಇದನ್ನು ತೋರಿಸಿದ್ದೆವು. ಶಾಲೆಯ ಹಾಲ್, ನೆಲದ ಮೇಲೆ ಜಮಖಾನ. ತಬರ ಮೊದಲ ಮೇಜಿಗೆ ಹೋದಾಗ ಜನ ಸುಮ್ಮನಿದ್ದರು. ಎರಡನೆಯದಕ್ಕೂ ಸುಮ್ಮನಿದ್ದರು. ಆಮೇಲೆ ಹಿಂದಿನಿಂದ ಯಾರೋ ಒಬ್ಬರು, ಗುಮಾಸ್ತ ಬಾಯಿ ತೆರೆಯುವ ಮೊದಲೇ, "ನಾಳೆ ಬಾ" ಅಂದರು. ಮುಂದಿನ ಮೇಜಿಗೆ ಹತ್ತಾರು ಜನ ಅಂದರು. ನಗು ಬರಲಿಲ್ಲ ಯಾರಿಗೂ. ಆ ಹಾಲಿನಲ್ಲಿ ಕೂತಿದ್ದ ಎಷ್ಟು ಜನ ಅದೇ ಮೇಜುಗಳ ಮುಂದೆ ನಿಂತಿದ್ದರೋ! ಅಷ್ಟು ವರ್ಷ ಅವರು ಅದನ್ನು ತಮ್ಮದೇ ಹಣೆಬರಹ, ತಮ್ಮದೇ ದಡ್ಡತನ ಎಂದುಕೊಂಡಿದ್ದಿರಬೇಕು. ಆವತ್ತು ಒಟ್ಟಿಗೆ ಬಾಯಿಬಿಟ್ಟು ಹೇಳಿದರು.

ನಿಮಗೆ ಇದನ್ನು ಹೇಳಲು ಕಾರಣವಿದೆ. ಸೋಲಿನ ಚಿತ್ರ ನೋಡುವಾಗ ಸೋಲು ಯಾರದು ಎಂದೂ ಕೇಳಿಕೊಳ್ಳಬೇಕು. ತಬರನದು ಅವನ ಸೋಲಲ್ಲ. ವತನಾಬೆಯದು ಅರ್ಧ ಅವನದು, ಅರ್ಧ ಆ ಕಚೇರಿಯದು. ಅಂಗಡಿ ಮುಚ್ಚಿದ್ದು ಯಾಕೆ ಎಂದು ನೀವು ಬರೆದಿಲ್ಲ. ಬಾಡಿಗೆ ಏರಿತೋ, ಗಿರಾಕಿಗಳು ಫೋನಿನಲ್ಲೇ ಆರ್ಡರ್ ಮಾಡತೊಡಗಿದರೋ, ಉದ್ರಿ ಕೊಟ್ಟದ್ದು ವಾಪಸ್ ಬರಲಿಲ್ಲವೋ. ಲೆಕ್ಕ ಬಲ್ಲವರು ನೀವು. ಎಲ್ಲವನ್ನೂ ನಿಮ್ಮ ಹೆಸರಿನ ಖಾತೆಗೇ ಬರೆದುಕೊಂಡಿದ್ದರೆ ಒಮ್ಮೆ ಪುಸ್ತಕ ತೆಗೆದು ನೋಡಿ.

ಆದರೆ ಸೋಲು ನಿಜವಾಗಿ ತನ್ನದೇ ಆದಾಗ? ಅದಕ್ಕೂ ಒಂದು ಚಿತ್ರವಿದೆ. ಕೆನೆತ್ ಲೊನರ್ಗನ್ ಬರೆದು ನಿರ್ದೇಶಿಸಿದ 'ಮ್ಯಾಂಚೆಸ್ಟರ್ ಬೈ ದ ಸೀ', 2016. ಬರವಣಿಗೆಗೆ ಒಂದು ಆಸ್ಕರ್, ಲೀ ಪಾತ್ರ ಮಾಡಿದ ಕೇಸಿ ಅಫ್ಲೆಕ್‌ಗೆ ಒಂದು ಆಸ್ಕರ್ ಬಂತು. ಲೀ ಅಪಾರ್ಟ್‌ಮೆಂಟುಗಳಲ್ಲಿ ಜಾನಿಟರ್. ನಲ್ಲಿ ರಿಪೇರಿ ಮಾಡುತ್ತಾನೆ, ಕಟ್ಟಿದ ಟಾಯ್ಲೆಟ್ ಸರಿಮಾಡುತ್ತಾನೆ, ಹಿಮ ಎತ್ತಿ ಹಾಕುತ್ತಾನೆ. ಮಾತಿಲ್ಲ. ಅಣ್ಣ ತೀರಿಕೊಂಡಾಗ ಹುಟ್ಟೂರಿಗೆ ಬರುತ್ತಾನೆ. ಹದಿಹರೆಯದ ಅಣ್ಣನ ಮಗ ಪ್ಯಾಟ್ರಿಕ್‌ನನ್ನು ನೋಡಿಕೊಳ್ಳುವ ಹೊಣೆ ನಿನ್ನದು ಎಂದು ಉಯಿಲು ಹೇಳುತ್ತದೆ. ಅದನ್ನು ವಕೀಲ ಹೇಳುತ್ತಿರುವಾಗಲೇ ಅವನ ಹಳೆಯ ಕಥೆ ನಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಅವನದೇ ಒಂದು ಸಣ್ಣ ಮರೆವಿನಿಂದ ಮನೆಗೆ ಬೆಂಕಿ ಬಿದ್ದು ಅವನ ಮೂರು ಮಕ್ಕಳು ಹೋಗಿರುತ್ತಾರೆ.

ಇಂಥ ಕಡೆ ನಮ್ಮ ಚಿತ್ರಗಳಾದರೆ ಹುಡುಗನೂ ಚಿಕ್ಕಪ್ಪನೂ ಅಪ್ಪಿ ಅತ್ತು ಎಲ್ಲ ಸರಿಹೋಗುತ್ತಿತ್ತು. ಇಲ್ಲಿ ಪ್ಯಾಟ್ರಿಕ್‌ಗೆ ಅವನದೇ ಪ್ರಪಂಚ. ಹಾಕಿ, ಬ್ಯಾಂಡ್, ಒಟ್ಟಿಗೆ ಇಬ್ಬರು ಗೆಳತಿಯರು. ನನ್ನನ್ನು ಅಲ್ಲಿಗೆ ಬಿಡು, ಇಲ್ಲಿಂದ ಕರೆದುಕೊಂಡು ಹೋಗು ಎಂದು ಚಿಕ್ಕಪ್ಪನನ್ನು ಡ್ರೈವರ್ ಮಾಡಿಕೊಳ್ಳುತ್ತಾನೆ. ಚಳಿಗಾಲ, ನೆಲ ಹೆಪ್ಪುಗಟ್ಟಿದೆ, ಅಪ್ಪನನ್ನು ಹೂಳಲು ವಸಂತದವರೆಗೆ ಕಾಯಬೇಕು. ಅಲ್ಲಿಯವರೆಗೆ ಶವ ಶೀತಲಪೆಟ್ಟಿಗೆಯಲ್ಲಿ. ಅದನ್ನೂ ಹುಡುಗ ಗಟ್ಟಿಯಾಗಿಯೇ ತಡೆದುಕೊಳ್ಳುತ್ತಾನೆ. ಒಂದು ರಾತ್ರಿ ಮನೆಯ ಫ್ರೀಜರ್ ತೆರೆದಾಗ ಗಡ್ಡೆ ಕಟ್ಟಿದ ಕೋಳಿ ಮಾಂಸ ಕೆಳಗೆ ಬೀಳುತ್ತದೆ. ಆಗ ಕುಸಿಯುತ್ತಾನೆ. ಬಾಗಿಲು ಹಾಕಿಕೊಳ್ಳುತ್ತಾನೆ. ಲೀ ಬಾಗಿಲು ಒದ್ದು ಒಳಗೆ ಹೋಗಿ ಸುಮ್ನೆ ಕೂರುತ್ತಾನೆ. ಹೇಳಲು ಅವನ ಹತ್ತಿರ ಏನೂ ಇಲ್ಲ. ನೀನು ಶಾಂತವಾಗುವವರೆಗೆ ಹೋಗಲ್ಲ ಎಂಬಂತೆ ಕೂತಿರುತ್ತಾನೆ. ಸೋತ ಗಂಡಸು ಇನ್ನೊಬ್ಬರಿಗೆ ಏನು ಕೊಡಬಲ್ಲ ಎಂದು ಯಾರಾದರೂ ಕೇಳಿದರೆ ನಾನು ಈ ದೃಶ್ಯ ತೋರಿಸುತ್ತೇನೆ.

ಲೀ ಕೊನೆಗೂ ಆ ಊರಿನಲ್ಲಿ ನಿಲ್ಲುವುದಿಲ್ಲ. ನನ್ನಿಂದ ಆಗುತ್ತಿಲ್ಲ ಎಂದು ಹುಡುಗನಿಗೆ ನೇರವಾಗಿ ಹೇಳುತ್ತಾನೆ. ಹುಡುಗನನ್ನು ನೋಡಿಕೊಳ್ಳಲು ಬೇರೆ ಒಳ್ಳೆಯ ಮನೆ ಗೊತ್ತುಮಾಡುತ್ತಾನೆ. ಆದರೆ ಬಾಸ್ಟನ್ನಿನಲ್ಲಿ ತನಗೊಂದು ಜಾಗ ಹುಡುಕುವಾಗ ಇನ್ನೊಂದು ರೂಮು ಇರುವ ಮನೆಯೇ ಬೇಕು ಎನ್ನುತ್ತಾನೆ. ಯಾಕೆ ಎಂದು ಹುಡುಗ ಕೇಳಿದರೆ, ನೀನು ಯಾವತ್ತಾದರೂ ಬಂದರೆ ಇರಲಿ ಅಂತ. ಚಿತ್ರದ ಆರಂಭದಲ್ಲಿ ಅವನು ಇದ್ದದ್ದು ನೆಲಮಾಳಿಗೆಯ ಒಂದೇ ಕೋಣೆಯಲ್ಲಿ. ಇಷ್ಟೂ ಚಿತ್ರದಲ್ಲಿ ಅವನು ಮುಂದೆ ಸರಿದದ್ದು ಒಂದು ರೂಮಿನಷ್ಟು. ನನಗೆ ಅದು ಜಾಸ್ತಿಯೇ ಅನಿಸಿತು.

ಒಂದು ಎಚ್ಚರಿಕೆ. ಈ ಚಿತ್ರದ ಪೊಲೀಸ್ ಠಾಣೆಯ ದೃಶ್ಯದಲ್ಲಿ ಲೀ ತನ್ನ ಜೀವ ತೆಗೆದುಕೊಳ್ಳಲು ನೋಡುತ್ತಾನೆ. ಇದನ್ನು ನೀವು ರಾತ್ರಿ ಒಬ್ಬರೇ ಕೂತು ನೋಡುವುದು ಬೇಡ. ಇನ್ನೊಂದು ಮಾತು ಕೇಳಲೇಬೇಕು. ನಿಮಗೆ ನಿದ್ದೆ ಬರುತ್ತಿಲ್ಲವೆಂದು ಸಿನಿಮಾ ನೋಡುತ್ತಿದ್ದೀರಾ? ಊಟ ರುಚಿಸುತ್ತಿದೆಯಾ? ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು ಎಂಬ ಯೋಚನೆ ಬರುತ್ತದೆಯಾ? ಬರುತ್ತಿದ್ದರೆ ನನ್ನ ಈ ಉತ್ತರವನ್ನು ಪಕ್ಕಕ್ಕಿಟ್ಟು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ದಿಲೀಪ್ ಕುಮಾರ್ ವೈದ್ಯರ ಹತ್ತಿರ ಹೋದರು ಎಂದು ಮೊದಲೇ ಹೇಳಿದೆನಲ್ಲ, ಅದು ಸುಮ್ಮನೆ ಹೇಳಿದ್ದಲ್ಲ.

ನಿಮ್ಮ ಹೆಂಡತಿಯ ಮಾತಿನಲ್ಲೂ ಅರ್ಥವಿದೆ. ಅವರು ಸಿನಿಮಾವನ್ನು ಬೈಯುತ್ತಿಲ್ಲ ಅನಿಸುತ್ತದೆ. ಅಂಗಡಿ ಮುಚ್ಚಿದ್ದು ಅವರಿಗೂ ಪೆಟ್ಟೇ ಅಲ್ವಾ? ಆ ಪೆಟ್ಟನ್ನು ಇಟ್ಟುಕೊಂಡು ಬೆಳಿಗ್ಗೆ ಎದ್ದು ಟಿಫನ್ ಬಾಕ್ಸ್ ಕಟ್ಟುತ್ತಿದ್ದಾರೆ. ಅವರು ಮಲಗಿದ ಮೇಲೆ ನೀವು ಒಬ್ಬರೇ ಕೂತು ದುಃಖದ ಚಿತ್ರ ನೋಡಿದರೆ, ಮನೆಯ ದುಃಖವೆಲ್ಲ ನಿಮ್ಮೊಬ್ಬರದೇ ಎಂದ ಹಾಗೆ ಆಗುತ್ತದೆ. ಮೂವರೂ ಒಟ್ಟಿಗೆ ನೋಡಲು '777 ಚಾರ್ಲಿ'ಯಿಂದ ಶುರು ಮಾಡಬಹುದು. 2022ರದು, ನೋಡಿರಲೂಬಹುದು. ಮನೆಯವರನ್ನೆಲ್ಲ ಕಳೆದುಕೊಂಡು ಜನರನ್ನೇ ಬೇಡ ಎಂದು ಕೂತ ಧರ್ಮನ ಬಾಗಿಲಿಗೆ ಒಂದು ನಾಯಿ ಬರುತ್ತದೆ. ಅದಕ್ಕೆ ಅವನ ಹಿಂದಿನ ಕಥೆ ಏನು ಗೊತ್ತು! ಅದಕ್ಕೆ ಬೇಕಾದ್ದು ಊಟ, ಓಡಾಟ. ಅವನು ಬೈಯುತ್ತಲೇ ಎದ್ದು ಬಾಗಿಲು ತೆಗೆಯಬೇಕಾಗುತ್ತದೆ. ಕರವಸ್ತ್ರ ಹತ್ತಿರ ಇಟ್ಟುಕೊಳ್ಳಿ.

ಈಗ ಮಗನ ವಿಷಯ.

ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್', 1948. ಯುದ್ಧ ಮುಗಿದ ರೋಮ್ ನಗರ, ಎಲ್ಲೆಲ್ಲೂ ನಿರುದ್ಯೋಗ. ಆಂಟೋನಿಯೊಗೆ ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಗುತ್ತದೆ, ಆದರೆ ಸೈಕಲ್ ಇರಲೇಬೇಕು. ಅವನ ಸೈಕಲ್ ಅಡವಿಟ್ಟಾಗಿದೆ. ಹೆಂಡತಿ ಮರಿಯಾ ಹಾಸಿಗೆಯ ಮೇಲಿನ ದುಪ್ಪಟಿಗಳನ್ನು ಎಳೆದು ಗಂಟು ಕಟ್ಟುತ್ತಾಳೆ. ಅವನ್ನು ಕೊಟ್ಟು ಸೈಕಲ್ ಬಿಡಿಸಿಕೊಳ್ಳುತ್ತಾರೆ. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಭಾನುವಾರವೆಲ್ಲ ಅಪ್ಪ, ಮಗ ಬ್ರೂನೊ ಹುಡುಕುತ್ತಾ ಅಲೆಯುತ್ತಾರೆ. ಅಪ್ಪನ ಪಾತ್ರ ಮಾಡಿದ ಲಂಬೆರ್ಟೊ ಮಜೋರಾನಿ ನಟನೇ ಅಲ್ಲ, ಕಾರ್ಖಾನೆಯ ಕೆಲಸಗಾರ. ಆ ನಡಿಗೆ, ಆ ಭುಜ ಯಾರೂ ಕಲಿಸಿದ್ದಲ್ಲ.

ಬ್ರೂನೊ ಪುಟ್ಟ ಹುಡುಗ, ಆದರೂ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಾನೆ. ಅಡವಿನಿಂದ ಬಂದ ಸೈಕಲ್ ಒರೆಸುವಾಗ ಒಂದು ಕಡೆ ತಗ್ಗಾಗಿದೆ, ನೀನು ಯಾಕೆ ಕೇಳಲಿಲ್ಲ ಎಂದು ಅಪ್ಪನನ್ನೇ ದಬಾಯಿಸುತ್ತಾನೆ. ಮಧ್ಯದಲ್ಲಿ ಅಪ್ಪನಿಗೆ ಸಿಟ್ಟು ಬಂದು ಮಗನ ಕೆನ್ನೆಗೆ ಹೊಡೆಯುತ್ತಾನೆ. ಸೋತವರ ಕೈ ಹಾಗೇ, ಹತ್ತಿರ ಇರುವವರ ಮೇಲೇ ಬೀಳುತ್ತದೆ. ಆಮೇಲೆ ಸಂಕಟವಾಗಿ ಜೇಬಿನಲ್ಲಿದ್ದ ದುಡ್ಡಿನಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆ. ಪಕ್ಕದ ಮೇಜಿನಲ್ಲಿ ದುಡ್ಡಿದ್ದವರ ಹುಡುಗ. ಬ್ರೂನೊ ತಿರುಗಿ ತಿರುಗಿ ನೋಡುತ್ತಾ ತಿನ್ನುತ್ತಾನೆ. ಅಪ್ಪ ಕೈಗೆ ಪೆನ್ಸಿಲ್ ಕೊಟ್ಟು, ಆ ಕೆಲಸ ಇದ್ದಿದ್ದರೆ ತಿಂಗಳಿಗೆ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಬರೆಸುತ್ತಾನೆ. ಅಷ್ಟೂ ಹೊತ್ತು ಅವರಿಬ್ಬರೂ ಸಮಾನರು.

ಕೊನೆಯಲ್ಲಿ ಅಪ್ಪ ತಾನೇ ಒಂದು ಸೈಕಲ್ ಕದಿಯಲು ತೀರ್ಮಾನಿಸುತ್ತಾನೆ. ಅದನ್ನು ಮಗ ನೋಡಬಾರದು. ಟ್ರಾಮಿಗೆ ದುಡ್ಡು ಕೊಟ್ಟು, ನೀನು ಹೋಗಿರು ಎನ್ನುತ್ತಾನೆ. ಬ್ರೂನೊಗೆ ಟ್ರಾಮ್ ತಪ್ಪುತ್ತದೆ. ಅಪ್ಪನನ್ನು ಜನ ಹಿಡಿದು ಹೊಡೆಯುವುದನ್ನು ನೋಡುತ್ತಾನೆ. ಅಪ್ಪಾ ಅಪ್ಪಾ ಎಂದು ಕಾಲಿಗೆ ಸುತ್ತಿಕೊಳ್ಳುತ್ತಾನೆ, ಕೆಳಗೆ ಬಿದ್ದ ಟೋಪಿ ಎತ್ತಿ ಧೂಳು ಒರೆಸುತ್ತಾನೆ. ಸೈಕಲಿನ ಮಾಲೀಕ ಆ ಹುಡುಗನನ್ನು ನೋಡಿ, ದೂರು ಬೇಡ ಬಿಟ್ಟುಬಿಡಿ ಎನ್ನುತ್ತಾನೆ. ಯಾರು ನೋಡಬಾರದೆಂದು ಅಪ್ಪ ಟ್ರಾಮಿಗೆ ಹತ್ತಿಸಲು ಹೊರಟಿದ್ದನೋ, ಆ ಮಗ ಇದ್ದದ್ದರಿಂದಲೇ ಅಪ್ಪ ಜೈಲಿಗೆ ಹೋಗಲಿಲ್ಲ. ಆಮೇಲೆ ಇಬ್ಬರೂ ಜನರ ನಡುವೆ ನಡೆಯುತ್ತಾರೆ. ಅಪ್ಪ ಅಳುತ್ತಿದ್ದಾನೆ. ಹುಡುಗ ಅವನ ಮುಖ ನೋಡಿ, ಕೈ ಹಿಡಿದುಕೊಳ್ಳುತ್ತಾನೆ.

ನೀವು ಟಿವಿ ಆಫ್ ಮಾಡುವುದು ಆ ಟ್ರಾಮಿನ ದುಡ್ಡಿನ ಹಾಗೆ. ಏಳನೇ ಕ್ಲಾಸಿನ ಹುಡುಗನಿಗೆ ಅಂಗಡಿ ಮುಚ್ಚಿದ್ದು ಗೊತ್ತು. ಸಾಲದವರ ಫೋನ್ ಬಂದಾಗ ನಿಮ್ಮ ದನಿ ಬದಲಾಗುವುದೂ ಗೊತ್ತು. ಅವನು ರಾತ್ರಿ ಎದ್ದು ಬರುವುದು ಸಿನಿಮಾ ನೋಡಲು ಅಂದುಕೊಂಡಿದ್ದೀರಾ?

ಎಲ್ಲ ಚಿತ್ರಗಳೂ ಅವನಿಗೆ ಬೇಡ. 'ಮ್ಯಾಂಚೆಸ್ಟರ್' ಖಂಡಿತ ಬೇಡ, 'ತಬರನ ಕಥೆ'ಗೆ ಇನ್ನೆರಡು ವರ್ಷ ಹೋಗಲಿ. 'ಬೈಸಿಕಲ್ ಥೀವ್ಸ್' ನೋಡಬಹುದು. ಒಂದೂವರೆ ಗಂಟೆ, ಅಷ್ಟೇ. ಕಪ್ಪು ಬಿಳುಪು ಎಂದು ಮೊದಲು ಮೂಗು ಮುರಿಯುತ್ತಾನೆ, ಸೈಕಲ್ ಕಳುವಾದ ಮೇಲೆ ಕದಲುವುದಿಲ್ಲ. ರಾತ್ರಿ ಬೇಡ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕಿಟಕಿ ತೆರೆದಿಟ್ಟು ಹಚ್ಚಿ. ಮಾತು ಇಟಾಲಿಯನ್, ಕೆಳಗೆ ಬರುವ ಇಂಗ್ಲಿಷ್ ಸಾಲುಗಳು ಬೇಗ ಬೇಗ ಓಡುತ್ತವೆ. ನೀವು ಓದಿ ಕನ್ನಡದಲ್ಲಿ ಹೇಳುತ್ತಾ ಹೋಗಿ. ಅವನು ಮಧ್ಯೆ ಏನಾದರೂ ಕೇಳಿದರೆ ಚಿತ್ರ ನಿಲ್ಲಿಸಿ, ಉತ್ತರ ಹೇಳಿ, ಆಮೇಲೆ ಮುಂದಕ್ಕೆ ಓಡಿಸಿ.